ಹಸಿರು ಸೈಕಲ್ಲಿಗೆ ಎಷ್ಟು ಮಾರ್ಕು?

ಬೇಡ ಬೇಡ, ಹೆಲ್ಮೆಟ್ ಅಲ್ಲಿ ಇಡಬೇಡ! ತೆಗಿ... ತೆಗಿ ಅಂದೆ ಅಲ್ದಾ ಶ್ರೀಗೌರಿ? ವಾಪಸ್ ಕೊಡ್ಲಿಕ್ಕೆ ಬಂದದ್ದಂತೆ, ವಾಪಸ್! ಹೆಗಲೆಲುಬು ಮುರ್ಕೊಂಡವಳು ಧಾರೇಶ್ವರದಿಂದ ಬಸ್ಸು ಹತ್ತಿ ಕುಮಟೆಗೆ ಬಂದದ್ದು ಇದಕ್ಕಾ? ಇಪ್ಪತ್ತೆಂಟು ವರ್ಷ ಆತು ನಾ ಈ ಸೈಕಲ್ ಅಂಗಡಿ ಇಟ್ಟು. ಪಂಕ್ಚರ್ ಹಾಕಿದ ಟ್ಯೂಬ್ ವಾಪಸ್ ತಂದವರಿದ್ದಾರೆ, ಮಳೆಗಾಲ ಕಳೆದ ಮೇಲೆ ಇಡೀ ಸೈಕಲ್ಲೇ ವಾಪಸ್ ತಂದವರೂ ಇದ್ದಾರೆ. ಹೆಲ್ಮೆಟ್ ವಾಪಸ್ ತಂದವಳು ನೀ ಒಬ್ಳೇ. ಕೂತ್ಕೋ. ಅದರಲ್ಲಲ್ಲ, ಅದರ ಕಾಲು ಸಡಿಲ. ಈ ಕುರ್ಚಿ. ಕೈ ಜೋಪಾನ, ಜೋಪಾನ... ಹಾಂ. ಪಟ್ಟಿ ಬಿಚ್ಚಲಿಕ್ಕೆ ಇನ್ನೆಷ್ಟು ದಿನ ಅಂದ್ರು ಡಾಕ್ಟರು? ಬೆರಳು ತೋರಿಸ್ತೀಯಲ್ಲೇ, ಬಾಯಿಗೂ ಪಟ್ಟಿ ಕಟ್ಟಿದ್ರಾ? ಐದು ವಾರ. ಆತು. ಐದು ವಾರ ಅಂದ್ರೆ ಡಿಸೆಂಬರ್ ಕೊನೆ. ರಾಜ್ಯ ಸ್ಪರ್ಧೆ ಫೆಬ್ರವರಿಯಲ್ಲಿ. ಸಮಯ ಇದೆ, ಬೇಕಾದಷ್ಟಿದೆ.

ತಲೆ ಅಲ್ಲಾಡಿಸಬೇಡ. ನನಗೆ ಸಿಟ್ಟು ಬರ್ತದೆ.

ನಿನ್ನ ಆಯಿ ಭಾಸ್ಕರನಿಗೆ ಫೋನ್ ಮಾಡಿದ್ರಂತೆ, ಭಾಸ್ಕರ ಹೊನ್ನಾವರದಿಂದ ನನಗೆ ಫೋನ್ ಮಾಡಿದ. 'ಮಾಬ್ಲಣ್ಣ, ಶ್ರೀಗೌರಿ ಇನ್ನು ಸೈಕಲ್ ಮುಟ್ಟೂದಿಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ.' ಯಾಕಂತೆ ಅಂದೆ. 'ಬ್ರೇಕ್ ಹಿಡಿಯುವ ಹೊತ್ತಿಗೆ ತನಗೆ ಕೈಯೇ ಬರಲಿಲ್ಲ, ಗಾಬರಿ ಬಿದ್ದೆ, ನನ್ನಂಥವಳು ಕಾಡಿನ ದಾರಿಯಲ್ಲಿ ಸೈಕಲ್ ಬಿಡಬಾರದು' ಅಂತಾಳಂತೆ. ಆಹಾಹಾ! ಯಾರು ಅಂದಿದ್ದು ನಿನಗೆ ಹಾಂಗೆ? ಹಾಂ?... ಎಂತಕ್ಕೆ ನನ್ನ ಮುಖ ನೋಡ್ತೀ? ಆತು ಬಿಡು, ಯಾರೋ ಅಂದ್ರು, ಅದೆಲ್ಲ ಈಗ ಎಂತಕ್ಕೆ. ಲೋಕದಲ್ಲಿ ಎಲ್ಲರೂ ಕುಣಿಯಲಿಕ್ಕೆ ಬರದಿದ್ರೆ ನೆಲ ಡೊಂಕು ಅಂತಾರೆ. ನೀನು ನೆಲ ಡೊಂಕಿದ್ರೂ ನನಗೆ ಕುಣಿಯಲಿಕ್ಕೆ ಬರಲಿಲ್ಲ ಅನ್ನುವವಳು! ಇದಕ್ಕೆ ಎಂತ ಹೇಳೂದು?

ನೆಲವೇ ಡೊಂಕು ತಂಗೀ. ಸೈಕಲ್ಲಿನದ್ದೇ ತಪ್ಪು. ಆ ಹಸಿರು ಸೈಕಲ್ಲಿದ್ದೇ. ಬಾ, ಇಲ್ಲಿ ನೋಡು, ಭಾಸ್ಕರನ ಫಾರ್ಮ್. ಬ್ಯಾಂಕಿನವ ಅಲ್ದಾ, ಅವನಿಗೆ ಕೆಮ್ಮಿದ್ರೂ ಒಂದು ಫಾರ್ಮ್ ಬೇಕು. 'ಮಾಬ್ಲಣ್ಣ, ಮೂರು ಸೈಕಲ್, ಒಂದೇ ದಾರಿ, ಓಡಿಸುವವಳು ಒಬ್ಳೇ, ನೀವು ಮಾರ್ಕು ಕೊಡಿ. ಯಾವುದಕ್ಕೆ ಹೆಚ್ಚು ಮಾರ್ಕೋ ಅದನ್ನ ನಮ್ಮ ಸೈಕಲ್ ಬಳಗದಿಂದ ತಕ್ಕೊಂಡು ಶ್ರೀಗೌರಿಗೆ ಕೊಡೂದು' ಅಂದ. ಎಷ್ಟು ಚಂದದ ಮಾತು! ಎಷ್ಟು ಸುಲಭ! ಹತ್ತು ಸಾಲು, ಸಾಲಿಗೆ ಹತ್ತು ಮಾರ್ಕು. ಏರು, ಇಳಿತ, ತೂಕ, ಗೇರು, ಬ್ರೇಕು... ಕೊನೇದು ನೋಡು, 'ಸವಾರಿಯ ಸುಖ' ಅಂತೆ. ಸುಖಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀ ನೀ? ಮದುವೆ ಆದವರನ್ನ ಕೇಳಬೇಕಿತ್ತು ಅದನ್ನ.

ಹಳದಿಯಿಂದ ಶುರು ಮಾಡ್ವ. ಹಿಂದಿನ ಚಕ್ರಕ್ಕೆ ಕುಲುಕು ನುಂಗುವ ಶಾಕ್ ಇಲ್ಲ, ಹಗುರ, ಎರಡು ಬೆರಳಲ್ಲಿ ಎತ್ತಬಹುದು. ಏರಿಗೆ ಮೇಕೆ ಹತ್ತಿದ ಹಾಂಗೆ ಹತ್ತತದೆ. ಯಾಣದ ಕಾಡಿನ ಆ ಮೂರು ಕಿಲೋಮೀಟರ್ ಏರನ್ನ ನೀ ಹದಿನೆಂಟು ನಿಮಿಷ ಹತ್ತು ಸೆಕೆಂಡಿನಲ್ಲಿ ಹತ್ತಿದ್ದು ಇದರಲ್ಲೇ. ಇಳೀಲಿಕ್ಕೆ? ಒಂಬತ್ತು ನಿಮಿಷ. ಇಳಿದ ಮೇಲೆ ಎಂತ ಅಂದಿದ್ದೆ ನೀ, ನೆನಪಿದೆಯಾ? 'ಮಾಬ್ಲಣ್ಣ, ಹಲ್ಲು ಎಲ್ಲ ಇದೆಯಾ ನೋಡಿ' ಅಂದಿದ್ದೆ. ಬೇರು, ಕಲ್ಲು ಒಂದೂ ಬಿಡದೆ ಬೆನ್ನಿಗೆ ಹೊಡೀತದೆ.

ಕಪ್ಪು ತದ್ವಿರುದ್ಧ. ಮುಂದೂ ಆರಿಂಚು, ಹಿಂದೂ ಆರಿಂಚು ಶಾಕು. ಇಳಿತದಲ್ಲಿ ಎಂತ ಬಂದ್ರೂ ನುಂಗ್ತದೆ, ಏಳು ನಿಮಿಷಕ್ಕೆ ಕೆಳಗೆ! ಆದ್ರೆ ಏರಿನಲ್ಲಿ ಗಬ್ಬದ ಎಮ್ಮೆ ಮಾರಾಯ್ತಿ. ನೀ ಪೆಡಲ್ ತುಳಿದದ್ದು ಅರ್ಧ ಚಕ್ರಕ್ಕೆ, ಅರ್ಧ ಶಾಕಿಗೆ. ಕುಪ್ಪಳಿಸ್ತಾ ಕುಪ್ಪಳಿಸ್ತಾ ಇಪ್ಪತ್ತೊಂದು ನಿಮಿಷ. ನಿನ್ನ ಸ್ಪರ್ಧೆಯಲ್ಲಿ ಅರ್ಧಕ್ಕಿಂತ ಹೆಚ್ಚು ಏರೇ ಇರೂದು. ಇದನ್ನ ತಕ್ಕೊಂಡು ಹೋದ್ರೆ ನೀ ಮೇಲೆ ಮುಟ್ಟುವಾಗ ಉಳಿದವರು ಕೆಳಗಿಳಿದು ಚಾ ಕುಡೀತಿರ್ತಾರೆ.

ಇನ್ನು ಹಸಿರು. ಭಟ್ಕಳದ ಅನೂಪ ತಂದುಕೊಟ್ಟದ್ದು. ಜಾಲಿ ರಸ್ತೆಯಲ್ಲಿ ಅಂಗಡಿ ಹಾಕಿ ಇನ್ನೂ ವರ್ಷ ಆಗಲಿಲ್ಲ, ಮಾತು ಮಾತ್ರ ಕೇಳಬೇಕು! 'ಮಾಬ್ಲಣ್ಣ, ಇದು ಹೊಸ ನಮೂನೆ, ಹಿಂದೆ ನಾಲ್ಕೂಮುಕ್ಕಾಲಿಂಚು ಮಾತ್ರ ಶಾಕು, ಸಾಕಷ್ಟೇ, ಹೆಚ್ಚಿಲ್ಲ, ನೀವೇ ನೋಡಿ.' ಹೆತ್ತವರಿಗೆ ಹೆಗ್ಗಣ ಮುದ್ದು! ನಾಲ್ಕೂಮುಕ್ಕಾಲಿಂಚು ಅಂದ್ರೆ ಎಂತ? ಅತ್ಲಾಗೆ ಹಳದಿಯ ಹಾಂಗೆ ಬರಿಗಾಲಲ್ಲ, ಇತ್ಲಾಗೆ ಕಪ್ಪಿನ ಹಾಂಗೆ ಮೆತ್ತೆಯೂ ಅಲ್ಲ. ಎರಡೂ ಬಿಟ್ಟ ಸೈಕಲ್ಲು. ಏರಿನಲ್ಲಿ ಹಳದಿಗಿಂತ ಹಿಂದೆ, ಇಳಿತದಲ್ಲಿ ಕಪ್ಪಿಗಿಂತ ಹಿಂದೆ. ಒಂದರಲ್ಲೂ ಮೊದಲಿಲ್ಲ. ಅಲ್ದಾ?

ಎಂತ? ಎಷ್ಟು ಹಿಂದೆ ಅಂತಲಾ? ಬರ್ದಿದ್ದೇನಲ್ಲ... ಏರಿನಲ್ಲಿ ಇಪ್ಪತ್ತು ಸೆಕೆಂಡು. ಇಳಿತದಲ್ಲಿ ಹದಿನೈದು. ಕೂಡಿಸಿದ್ರೆ... ಹೌದು, ಕೂಡಿಸಿದ್ರೆ ಹಸಿರೇ ಮೊದಲು, ಒಂದು ನಿಮಿಷಕ್ಕೂ ಮಿಕ್ಕಿ ಮೊದಲು. ನನಗೆ ಲೆಕ್ಕ ಬರೂದಿಲ್ಲ ಅಂದ್ಕೊಂಡ್ಯಾ? ಬೇರು ಬಂದಲ್ಲಿ ಹಿಂದಿನ ಚಕ್ರ ತಾನೇ ಮೇಲೆದ್ದು ತಾನೇ ಕೂರ್ತದೆ, ತುಳಿದದ್ದು ಒಂದು ಹಿಡಿಯೂ ಪೋಲಾಗೂದಿಲ್ಲ. ಕೂತ ಭಂಗಿಯಂತೂ, ಹ್ಯಾಂಡಲ್ ಇಷ್ಟು ದೂರ, ಸೀಟು ಇಷ್ಟು ಮುಂದೆ, ಚಕ್ರ ಹೀಂಗೆ ಚೂರು ಮುಂದೆ ಚಾಚಿ... ತಿರುವಿನಲ್ಲಿ ನೀ ಬಗ್ಗಿದ್ರೆ ಅದೂ ಬಗ್ತದೆ, ಹೇಳೂದೇ ಬೇಡ. ಇಪ್ಪತ್ತೆಂಟು ವರ್ಷದಲ್ಲಿ ನಾ ಅಂಥ...

ಎಂತಕ್ಕೆ ನಗ್ತೀ?

ನಾ ಎಂತ ಹೊಗಳಲಿಲ್ಲಪ್ಪ. ಇದ್ದದ್ದು ಹೇಳಿದೆ. ಹೌದು, ಸುಖದ ಸಾಲಿನಲ್ಲಿ ಹಸಿರಿಗೆ ಒಂಬತ್ತು ಹಾಕಿದ್ದೆ, ಆ ಕಾಟು ಹೊಡೆದದ್ದು ನಾನೇ. ಅದು ಮೊದಲನೇ ಭಾನುವಾರದ ಮಾರ್ಕು. ಎರಡನೇ ಭಾನುವಾರ ಆದದ್ದು ನೋಡಿ ಕಾಟು ಹೊಡೆದೆ. ಬ್ರೇಕಿಗೆ ಸೊನ್ನೆ ಹಾಕಿದ್ದೇನೆ ನೋಡು, ದೊಡ್ಡದಾಗಿ. ಬ್ರೇಕ್ ಹಿಡಿಯದ ಸೈಕಲ್ ಎಷ್ಟು ಚಂದ ಇದ್ರೆ ಎಂತ ಬಂತು? ನಿನಗೆ ಕಪ್ಪು ಕೊಡ್ಲಿಕ್ಕೆ ಬರ್ದಿದ್ದೇನೆ. ಭಾರ ಇದ್ರೆ ಇರಲಿ, ರೂಢಿ ಆಗ್ತದೆ. ಭಾಸ್ಕರ ನಾಳೆ ಬೆಳಿಗ್ಗೆ ಬಂದು ಫಾರ್ಮ್ ತಕ್ಕೊಂಡು ಹೋಗ್ತಾನೆ, ಅನೂಪ ಈಗ ನಾಲ್ಕು ಗಂಟೆಗೆ ಬಂದು ಹಸಿರನ್ನ ಟೆಂಪೋಕ್ಕೆ ಹಾಕ್ಕೊಂಡು ಹೋಗ್ತಾನೆ. ಪೀಡೆ ತೊಲಗಿತು. ಆತಲ್ಲ? ನೀ ಬಿದ್ದದ್ದು ನಿನ್ನ ತಪ್ಪಲ್ಲ, ಕಂಪನಿಯವರದ್ದು. ಕಾಗದದಲ್ಲೇ ಬರ್ದಾತು. ಇನ್ನಾದ್ರೂ ಆ ಹೆಲ್ಮೆಟ್ ಮಡಿಲಲ್ಲಿ ಇಟ್ಕೋ.

ಮತ್ತೆ ತಲೆ ಅಲ್ಲಾಡಿಸ್ತೀಯಲ್ಲೇ!

ಗೊತ್ತು, ಗೊತ್ತು ನೀ ಎಂತ ಹೇಳ್ತೀ ಅಂತ. ಮೊದಲನೇ ಭಾನುವಾರ ಎರಡು ಸುತ್ತು ಅದರಲ್ಲೇ ಇಳಿದೆ, ಬ್ರೇಕು ಒಂದು ಬೆರಳಿಗೆ ಹಿಡೀತಿತ್ತು, ಹಾಂಗಾದ್ರೆ ತಪ್ಪು ನಂದೇ... ಇದೇ ಅಲ್ದಾ? ಹಿಡಿದಿತ್ತು. ಯಾರು ಇಲ್ಲ ಅಂದ್ರು? ಮೊದಲ ದಿನ ಎಲ್ಲ ಅಳಿಯಂದಿರೂ ಒಳ್ಳೆಯವರೇ. ನಮ್ಮ ಸಮುದ್ರದ ಗಾಳಿ ಆರು ದಿನ ತಿಂದ್ರೆ ಗೊತ್ತಾಗ್ತದೆ ಬಣ್ಣ. ಯಾವುದೋ ಥಂಡಿ ದೇಶದಲ್ಲಿ ಮಾಡಿದ ಬ್ರೇಕು, ಉಪ್ಪುಗಾಳಿ ಕಂಡದ್ದೇ ಇಲ್ಲ, ಮೊದಲ ತಿರುವಿನಲ್ಲೇ ಕೈಕೊಟ್ಟಿತು. ಇಷ್ಟೇ ಕಥೆ. ಹಳದಿಯದ್ದೂ ಕಪ್ಪಿನದ್ದೂ ಯಾಕೆ ಕೈಕೊಡಲಿಲ್ಲ ಅಂತಲಾ? ಅದು... ಅವು ಒಳಗಿದ್ವು. ಹಸಿರು ಬಾಗಿಲಲ್ಲಿತ್ತು. ಬಂದವರಿಗೆಲ್ಲ ಅದನ್ನೇ ನೋಡಬೇಕು. ಅನೂಪನೂ ಫೋನಿನಲ್ಲಿ ಇದೇ ವರಾತ: 'ಹಾಂಗಾಗಲಿಕ್ಕೆ ಸಾಧ್ಯವೇ ಇಲ್ಲ ಮಾಬ್ಲಣ್ಣ, ಒಂದ್ಸಲ ಬಿಚ್ಚಿ ನೋಡ್ತೇನೆ.' ನೋಡು ಮಾರಾಯ ಅಂದೆ. ಎಷ್ಟು ಬೇಕಾದ್ರೂ ಬಿಚ್ಚಿ ನೋಡು ಅಂದೆ. ನನಗೇನು ಹೆದರಿಕೆ?

ಎಲ್ಲಿಗೆ ಎದ್ದೆ? ಕೂತ್ಕೊಳ್ಳೇ. ಚಾ ಹೇಳ್ತೇನೆ, ಎದುರಿನ ಹೋಟೆಲಿಂದ ಗೋಳಿಬಜೆ ತರಿಸ್ತೇನೆ... ಅದನ್ನ ಎಂತಕ್ಕೆ ಮುಟ್ತೀ? ಸ್ಟ್ಯಾಂಡಿನಿಂದ ಇಳಿಸ್ಬೇಡ, ಒಂದು ಕೈಯಲ್ಲಿ ಆಗೂದಿಲ್ಲ ನಿನಗೆ. ಶ್ರೀಗೌರೀ! ಬೀಳ್ತದೆ, ಬೀಳ್ತದೆ... ಆತು, ಇಳಿಸಿದ್ಯಲ್ಲ. ಇನ್ನೆಂತ? ದೂಡಿ ನೋಡ್ತೀಯಾ? ದೂಡು. ಸೊಂಟದಲ್ಲಿ ಆನಿಸಿ ದೂಡ್ತಾಳೆ ನೋಡು, ಗಟ್ಟಿಗಿತ್ತಿ. ಬ್ರೇಕ್ ಹಿಡಿದು ದೂಡು ಬೇಕಾದ್ರೆ.

ಹಾಂ. ನಿಂತಿತು. ಹಿಂದಿನ ಚಕ್ರ ಎದ್ದೇ ಹೋತು. ಹಿಡೀತದೆ, ಈಗ ಹಿಡೀದೆ ಎಂತ, ಹೊಸ ಪ್ಯಾಡ್ ಹಾಕಿದ್ದೇನಲ್ಲ, ಡಿಸ್ಕೂ ಸ್ಪಿರಿಟ್ಟಲ್ಲಿ ತೊಳೆದು...

ಎಂತ?

ಎಂತ ಹಾಂಗೆ ನೋಡ್ತೀ? ಹಾಕಬಾರದಾ? ಅಂಗಡಿ ನಂದು, ಪ್ಯಾಡ್ ನಂದು. ಕೆಟ್ಟ ಸಾಮಾನನ್ನ ಕೆಟ್ಟ ಹಾಂಗೇ ವಾಪಸ್ ಕೊಡೂದು ನನ್ನ ಕ್ರಮ ಅಲ್ಲ. ಅದಕ್ಕೆ ಹಾಕಿದೆ. ಯಾವಾಗ ಅಂತಲಾ? ಯಾವಾಗಲೋ... ಅದೇ ಭಾನುವಾರ ಮಧ್ಯಾಹ್ನ. ನಿನ್ನನ್ನ ಆಸ್ಪತ್ರೆಗೆ ಬಿಟ್ಟು ಬಂದವನೇ. ಹೌದು, ಊಟಕ್ಕೂ ಹೋಗಲಿಲ್ಲ, ಬಂದವನೇ ಹಾಕಿದೆ. ಈಗ ಅದಕ್ಕೊಂದು ದೊಡ್ಡ ವಿಚಾರಣೆ!

ಬಿಡು ಆ ಬ್ರೇಕನ್ನ. ಬಿಡೇ ತಂಗೀ.

ಮಾತಾದ್ರೂ ಆಡು. ಕೇಳಬೇಕಾದದ್ದು ಕೇಳು: ಕಂಪನಿಯ ತಪ್ಪು ಅನ್ನುವವನು ಹಳೇ ಪ್ಯಾಡನ್ನ ಸಾಕ್ಷಿಗೆ ಇಟ್ಕೊಳ್ಳದೆ ಯಾಕೆ ಗಡಿಬಿಡಿಯಲ್ಲಿ ಬದಲಿಸಿದೆ ಅಂತ ಕೇಳು! ಅದನ್ನೇ ಅಲ್ದಾ ನೀ ಕಣ್ಣಲ್ಲೇ ಕೇಳ್ತಾ ಇರೂದು? ಅನೂಪ ಬಂದು ಬಿಚ್ಚಿ ನೋಡಿದ್ರೆ ಅಲ್ಲಿ ಹೊಸ ಪ್ಯಾಡ್ ಬಿಟ್ಟು ಎಂತ ಸಿಕ್ತದೆ ಅಂತ ಕೇಳು! ನೀ ಹಾಂಗೆ ನೋಡಿದ್ರೆ ನಾನೆಂತ ಕುಂಬಳಕಾಯಿ ಕದ್ದವನಾ, ಹೆಗಲು ಮುಟ್ಟಿ ನೋಡ್ಕೊಳ್ಳಲಿಕ್ಕೆ?...

ಕದ್ದವನೇ. ಕೂತ್ಕೋ. ನೀ ಕೂತ್ಕೊಳ್ಳದಿದ್ರೂ ಅಡ್ಡಿಲ್ಲ, ನಾ ಕೂತ್ಕೊಳ್ತೇನೆ.

ಹೇಳ್ತೇನೆ ಕೇಳು. ನಮ್ಮಲ್ಲಿ ಸಮುದ್ರ ಹತ್ತಿರ. ಕಬ್ಬಿಣ ಅಂದ್ರೆ ಬೆಳಗಿನೊಳಗೆ ಕೆಂಪು. ನನಗೆ ಕೆಲಸ ಕಲಿಸಿದವರು ಮೊದಲನೇ ದಿನ ಹೇಳಿಕೊಟ್ಟದ್ದು ಪಂಕ್ಚರ್ ಅಲ್ಲ, ಎಣ್ಣೆಬಟ್ಟೆ. ಸಂಜೆ ಬಾಗಿಲು ಹಾಕೂ ಮೊದಲು ಕಬ್ಬಿಣದ್ದು ಎಂತ ಇದ್ರೂ ಅದರಲ್ಲಿ ಒರೆಸಬೇಕು. ಪಾನಾ, ಚೈನು, ಬಾಗಿಲಿನ ಚಿಲಕ, ಬೀಗ ಕೂಡ. ಡೀಸೆಲ್ಲಿಗೆ ಚೂರು ಕೊಬ್ಬರಿ ಎಣ್ಣೆ. ಒಂದೇ ಒಂದು ಜಾಗ ಬಿಟ್ಟು ಒರೆಸಬೇಕು: ಚಕ್ರದ ರಿಮ್ಮು. ಹಳೇ ನಮೂನೆ ಬ್ರೇಕಿನ ರಬ್ಬರು ಹಿಡಿಯೂದು ಅಲ್ಲಿ ಅಲ್ದಾ, ಅಲ್ಲಿಗೆ ಎಣ್ಣೆ ತಾಗಿದ್ರೆ ಸೈಕಲ್ ನಿಲ್ಲೂದಿಲ್ಲ. ನನ್ನ ಕೈಯಡಿ ಕೆಲಸ ಕಲಿತವರಿಗೆಲ್ಲ ಇದನ್ನೇ ಹೇಳಿ ಹೇಳಿ ಬಾಯಿ ನೋಯಿಸಿಕೊಂಡವ ನಾನು. ಒಬ್ಬನಿಗೆ ಎರಡು ಬಾರಿಸಿದ್ದೂ ಇದೆ.

ಆ ಹಸಿರು ಆರು ದಿನ ಇಲ್ಲಿ ಬಾಗಿಲಲ್ಲೇ ನಿಂತಿತ್ತು. ನಾನೇ ನಿಲ್ಲಿಸಿದ್ದು. ಒಳಗಿಡಲಿಕ್ಕೆ ಮನಸ್ಸು ಬರಲಿಲ್ಲ. ನಗಬೇಡ... ಇಲ್ಲ, ನೀ ಈಗ ನಗ್ತಾ ಇಲ್ಲ. ನನಗೆ ಅದರ ಮೇಲೆ ಪ್ರೀತಿ ಆಗಿತ್ತು ಶ್ರೀಗೌರಿ, ಈ ವಯಸ್ಸಿನಲ್ಲಿ, ಒಂದು ಸೈಕಲ್ ಮೇಲೆ! ಫೆಬ್ರವರಿಯಲ್ಲಿ ನೀ ಅದರ ಮೇಲೆ ಕೂತು ಹೋಗೂದು, 'ಅದನ್ನ ಆರಿಸಿಕೊಟ್ಟದ್ದು ಯಾರು? ಕುಮಟೆಯ ಮಾಬ್ಲ' ಅಂತ ಹತ್ತು ಜನ ಹೇಳೂದು, ಎಲ್ಲ ಕಣ್ಣೆದುರು ಬರ್ತಿತ್ತು. ಶನಿವಾರ ಸಂಜೆ ನೋಡ್ತೇನೆ, ಎರಡೂ ಡಿಸ್ಕಿನ ಮೇಲೆ ಕೆಂಪು ಚುಕ್ಕೆ. ಉಪ್ಪುಗಾಳಿ. ಅಷ್ಟು ಚಂದದ ಸಾಮಾನಿಗೆ ನನ್ನ ಅಂಗಡಿಯಲ್ಲಿ ತುಕ್ಕು! ಬಟ್ಟೆ ತಕ್ಕೊಂಡೆ. ಒರೆಸ್ತಾ ಕೂತೆ. ರಿಮ್ಮಿಗೆ ಒಂದು ಹನಿ ತಾಗಿಸಲಿಲ್ಲ, ಆಣೆ ಮಾಡಿ ಹೇಳ್ತೇನೆ, ಅಷ್ಟು ನಾಜೂಕಾಗಿ ರಿಮ್ಮು ತಪ್ಪಿಸಿದೆ! ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ರಿಮ್ಮಿನ ಹಂಗೇ ಇಲ್ಲ, ಪ್ಯಾಡು ಕಚ್ಚೂದು ಚಕ್ರದ ನಡುವಿನ ಡಿಸ್ಕನ್ನ. ತಲೆಗೆ ಗೊತ್ತು. ದಿನಕ್ಕೆ ನಾಲ್ಕು ಡಿಸ್ಕಿನ ಸೈಕಲ್ ರಿಪೇರಿ ಮಾಡ್ತೇನೆ, ಗೊತ್ತಿಲ್ಲದೆ ಎಂತ? ಕೈಗೆ ಗೊತ್ತಾಗಲಿಲ್ಲ. ಕೈ ಅದರಷ್ಟಕ್ಕೆ ರಿಮ್ಮು ಬಿಟ್ಟಿತು, ಡಿಸ್ಕನ್ನ ಉಜ್ಜಿತು. ಎರಡೂ ಬದಿ. ಮುಖ ಕಾಣುವಷ್ಟು ಹೊಳಪು ಬಂದಿತ್ತು. ಭಾನುವಾರ ಟೆಂಪೋದಲ್ಲಿ ಯಾಣಕ್ಕೆ ತಂದೆವು. ಹಳದಿ, ಕಪ್ಪು ಮುಗಿಸಿ ಕೊನೆಗೆ ಹಸಿರು ಹತ್ತಿದೆ ನೀನು. ಮೂರು ಕಿಲೋಮೀಟರ್ ಏರು, ಬ್ರೇಕ್ ಮುಟ್ಟುವ ಪ್ರಮೇಯವೇ ಇಲ್ಲ. ಮೊದಲು ಮುಟ್ಟಿದ್ದು ಹೊಳೆಯ ಮೇಲಿನ ಆ ತಿರುವಿನಲ್ಲಿ.

ಯಾರ ತಪ್ಪು? ಕಂಪನಿಯವರದ್ದಲ್ಲ. ಅನೂಪನದ್ದಲ್ಲ. ನಿಂದೂ ಅಲ್ಲ. ಆತಾ? ಸಮಾಧಾನ ಆತಾ?

ಮತ್ತೆ ಎಂತಕ್ಕೆ ಆ ಹೆಲ್ಮೆಟ್ ನನ್ನ ಕಡೆ ದೂಡ್ತೀ?

ಫಾರ್ಮ್ ಹರಿದು ಹಾಕ್ತೇನೆ. ನೋಡು, ಹರಿದೆ. ಬೇರೆ ಬರೀತೇನೆ, ಹಸಿರಿನ ಸುಖಕ್ಕೆ ಒಂಬತ್ತು ಅಂತಲೇ ಬರೀತೇನೆ. ಬ್ರೇಕಿಗೆ ಹತ್ತಕ್ಕೆ ಹತ್ತು. ಅನೂಪ ಬರಲಿ, ನಿನ್ನ ಎದುರೇ ಹೇಳ್ತೇನೆ. ಹೊನ್ನಾವರಕ್ಕೆ ಹೋಗಿ ಭಾಸ್ಕರನ ಬಳಗದ ಎದುರು ನಿಂತು ಹೇಳ್ತೇನೆ: ಕುಮಟೆಯ ಮಾಬ್ಲ ಡಿಸ್ಕಿಗೆ ಎಣ್ಣೆ ಹಚ್ಚಿದ ಅಂತ. ನಗಲಿ. ಅಂಗಡಿಗೆ ಯಾರೂ ಬರದಿದ್ರೆ ಬೇಡ. ಸಾಲದಾ? ಇನ್ನೆಂತ ಬೇಕು ನಿನಗೆ? ಬಾಯಿ ಬಿಡೇ! ಹತ್ತು ದಿನದಿಂದ ನಾನೂ ಸರಿಯಾಗಿ ಉಂಡಿಲ್ಲ...

ಹಾಂ. ಅದು.

ಅದನ್ನ ನೀ ಮರೀತೀ ಅಂದ್ಕೊಂಡಿದ್ದೆ. ಅಷ್ಟು ನೋವಿನಲ್ಲಿ ಕಾರಿನಲ್ಲಿ ಮಲಗಿದ್ದವಳಿಗೆ ಅದು ನೆನಪಿರೂದಿಲ್ಲ ಅಂದ್ಕೊಂಡಿದ್ದೆ. ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಭಾಸ್ಕರ ಗಾಡಿ ಹೊಡೀತಿದ್ದ. ನೀ ಕಣ್ಣು ಬಿಟ್ಟು ಕೇಳಿದೆ, 'ಮಾಬ್ಲಣ್ಣ, ನಾ ಬ್ರೇಕ್ ಹಿಡೀಲಿಲ್ವಾ?' ಅಂತ. ನಿನಗೆ ಬಿದ್ದದ್ದೇ ನೆನಪಿರಲಿಲ್ಲ, ನೀ ಕೇಳಿದ್ದು ನನ್ನೊಬ್ಬನನ್ನೇ. ತಿರುವಿನಲ್ಲಿ ನಿನ್ನನ್ನ ಎತ್ತುವಾಗಲೇ ನನ್ನ ಮೂಗಿಗೆ ಬಡಿದಾಗಿತ್ತು, ಬಿಸಿ ಡಿಸ್ಕಿನ ಮೇಲೆ ಸುಟ್ಟ ಕೊಬ್ಬರಿ ಎಣ್ಣೆಯ ವಾಸನೆ. ಎಂತ ಆಗಿದೆ ಅಂತ ಗೊತ್ತಾಗಿತ್ತು. ಆಗ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಾ ಹೇಳಿದ್ದು ಎಂತ? 'ಗಾಬರಿಯಲ್ಲಿ ಹಾಂಗಾಗ್ತದೆ ತಂಗೀ' ಅಂದೆ. ತಲೆ ಸವರಿ ಹೇಳಿದೆ.

ಹತ್ತು ದಿನ ನೀ ಅದನ್ನೇ ನಂಬಿ ಕೂತೆ. ನಂಬದೆ ಎಂತ ಮಾಡ್ತೀ? ಹೇಳಿದವ ನಾನಲ್ವಾ.

ಅಳಬೇಡ... ಇಲ್ಲ, ಅಳು, ಅಳು. ಅಡ್ಡಿಲ್ಲ. ಬೈದ್ರೂ ಅಡ್ಡಿಲ್ಲ. ಭಾಸ್ಕರ ಕೆಳಗಿದ್ದ, ಅವನಿಗೆ ಎಂತದ್ದೂ ಕಾಣಲಿಲ್ಲ. ತಿರುವಿನಲ್ಲಿ ನಿಂತವ ನಾನೊಬ್ಬನೇ. ನಿನಗೂ ನನಗೂ ನಡುವೆ ಹತ್ತು ಮಾರೂ ಇರಲಿಲ್ಲ. ಕೇಳಿಸ್ಕೋ, ಇದನ್ನ ನಾ ಇನ್ನು ಯಾರು ಕೇಳಿದ್ರೂ ಹೇಳ್ತೇನೆ. ನೀ ಬ್ರೇಕ್ ಹಿಡಿದಿದ್ದೆ ತಂಗೀ. ತಿರುವು ಬರೂ ಮೊದಲೇ, ಸಮಾ ಜಾಗದಲ್ಲಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದೆ. ಬೀಳುವವರೆಗೂ ಬಿಡಲಿಲ್ಲ. ನಾ ಕಣ್ಣಾರೆ ನೋಡಿದ್ದೆ.